ಕೋರ್ಟ್ ಹೇಳಿತ್ತು, ಟೀವಿ ಕೇಳಿಸಿಕೊಳ್ಳಲಿಲ್ಲ

2019ರ ಜುಲೈನಲ್ಲಿ ಜಾನಿ ಕಿತಾಗಾವಾ ತೀರಿಕೊಂಡಾಗ ಜಪಾನಿನ ಟೀವಿಗಳು ಹೊಗಳಿದ್ದೇ ಹೊಗಳಿದ್ದು. ಟೋಕಿಯೊ ಡೋಮ್‌ನ ಶ್ರದ್ಧಾಂಜಲಿ ಸಭೆಗೆ ಪ್ರಧಾನಿ ಶಿಂಜೊ ಅಬೆ ಸಂದೇಶ ಕಳಿಸಿದರು. ಸ್ಮ್ಯಾಪ್, ಅರಾಶಿಯಂಥ ಹಾಡಿ ಕುಣಿಯುವ ಹುಡುಗರ ತಂಡಗಳನ್ನು ಕಟ್ಟಿದವನು, ದೊಡ್ಡ ಮನುಷ್ಯ ಅಲ್ವಾ?

ಈತ ಹುಡುಗರ ಮೈಮೇಲೆ ಕೈ ಹಾಕುತ್ತಿದ್ದ ಅನ್ನೋದು ಮಾತ್ರ 16 ವರ್ಷದಿಂದ ಕೋರ್ಟಿನ ಕಡತದಲ್ಲೇ ಇತ್ತು.

ಇಂಥ ತಂಡಗಳನ್ನು ನಡೆಸುವ ತನ್ನ ಕಂಪನಿಯನ್ನು ಕಿತಾಗಾವಾ ಶುರು ಮಾಡಿದ್ದು 1962ರಲ್ಲಿ. ಗುಸುಗುಸು ಶುರುವಾಗಲು ಜಾಸ್ತಿ ದಿನ ಬೇಕಾಗಲಿಲ್ಲ. 1988ರಲ್ಲಿ ಹಳೆಯ ಗಾಯಕನೊಬ್ಬ ಪುಸ್ತಕವನ್ನೇ ಬರೆದ. 1999ರಲ್ಲಿ ಶೂಕನ್ ಬುನ್‌ಶುನ್ ವಾರಪತ್ರಿಕೆ ಹುಡುಗರನ್ನು ಮಾತಾಡಿಸಿ ಸರಣಿ ಲೇಖನ ಹಾಕಿತು. ಕಿತಾಗಾವಾ ಮಾನನಷ್ಟ ದಾವೆ ಹೂಡಿದ. ಬೇರೆ ಕೆಲವು ವಿಷಯಕ್ಕೆ ಪತ್ರಿಕೆ ಪರಿಹಾರ ಕೊಡಬೇಕಾಯಿತು, ನಿಜ. ಆದರೆ ಲೈಂಗಿಕ ಕಿರುಕುಳದ ಮುಖ್ಯ ಭಾಗ ಸತ್ಯ ಎಂದು 2003ರಲ್ಲಿ ಟೋಕಿಯೊ ಹೈಕೋರ್ಟ್ ಹೇಳಿತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನೇ ಉಳಿಸಿತು. ದೊಡ್ಡ ಪತ್ರಿಕೆಗಳಲ್ಲಿ ಅದು ಮೂಲೆಯ ಸಣ್ಣ ಸುದ್ದಿ. ಟೀವಿಗೆ ಅದು ಸುದ್ದಿಯೇ ಅಲ್ಲ.

ಯಾಕೆ? ಲೆಕ್ಕ ಸುಲಭ. ಆ ಹುಡುಗರಿಲ್ಲದೆ ಧಾರಾವಾಹಿ ಇಲ್ಲ, ಜಾಹೀರಾತು ಇಲ್ಲ. ಪತ್ರಿಕೆ ಕಂಪನಿಗಳಿಗೆ ಅವರ ಫೋಟೊ ಹಾಕಿದ ಕ್ಯಾಲೆಂಡರ್ ಬೇಕು. ಒಬ್ಬರ ಬಗ್ಗೆ ಬರೆದರೆ ಎಲ್ಲರೂ ಕೈತಪ್ಪುತ್ತಾರೆ. ಕಾನೂನೂ ಕಣ್ಣು ಮುಚ್ಚಿತ್ತು: 2017ರವರೆಗೆ ಜಪಾನಿನ ಅತ್ಯಾಚಾರ ಕಾನೂನಿನ ಪ್ರಕಾರ ಬಲಿಯಾಗಬಹುದಾದವಳು ಹೆಂಗಸು ಮಾತ್ರ.

ಕಟ್ಟೆ ಒಡೆದದ್ದು 2023ರ ಮಾರ್ಚ್‌ನಲ್ಲಿ, ಅದೂ ಬ್ರಿಟನ್ನಿನ ಬಿಬಿಸಿಯ ಸಾಕ್ಷ್ಯಚಿತ್ರದಿಂದ. ಮುಂದಿನ ತಿಂಗಳು ಕಂಪನಿಯ ಹಳೆಯ ಹುಡುಗನೊಬ್ಬ ಮುಖ ಮರೆಮಾಚದೆ ಸುದ್ದಿಗೋಷ್ಠಿಯಲ್ಲಿ ಕೂತ. ಮೊದಲ ಸಲ ಹಾಗಾದಾಗ ತನಗೆ 15 ವರ್ಷ, ಮರುದಿನ ಕಿತಾಗಾವಾ ಕೈಗೆ 10,000 ಯೆನ್ ನೋಟು ಇಟ್ಟ ಎಂದ. ಆತ ಮಾತಾಡಲು ಆರಿಸಿಕೊಂಡ ಜಾಗ ಟೋಕಿಯೊದ ವಿದೇಶಿ ಪತ್ರಕರ್ತರ ಕ್ಲಬ್ಬು. ಊರಿನವರ ಮುಂದೆ ಹೇಳಿ ಏನು ಪ್ರಯೋಜನ ಅಂತ ಗೊತ್ತಿತ್ತೇನೋ.

ಆಗಸ್ಟ್‌ನಲ್ಲಿ ತನಿಖಾ ತಂಡ ವರದಿ ಕೊಟ್ಟಿತು. 1970ರ ದಶಕದ ಆರಂಭದಿಂದ 2010ರ ದಶಕದ ನಡುವಿನ ತನಕ ಇದು ನಡೆದಿದೆ, ಬಲಿಯಾದವರು ನೂರಾರು ಇರಬಹುದು ಎಂದಿತು. ಕಾರಣಗಳ ಸಾಲಿನಲ್ಲಿ ಮಾಧ್ಯಮಗಳ ಮೌನವನ್ನೂ ಬರೆಯಿತು. ಆಮೇಲೆ ಕಂಪನಿ ತಪ್ಪೊಪ್ಪಿಕೊಂಡು ಹೆಸರನ್ನೇ ಬದಲಿಸಿತು. ಚಾನೆಲ್‌ಗಳು ಒಂದೊಂದಾಗಿ ಕ್ಷಮೆ ಕೇಳಿದವು.

ಅದೇ ಅಕ್ಟೋಬರ್‌ನಲ್ಲಿ ವೀಕ್ಷಕರ ಶುಲ್ಕದಿಂದ ನಡೆಯುವ ಸಾರ್ವಜನಿಕ ಚಾನೆಲ್ ಎನ್‌ಎಚ್‌ಕೆ ಒಂದು ಸುದ್ದಿ ಬಿತ್ತರಿಸಿತು. 2002ರಲ್ಲಿ, ತಾನು ಹೈಸ್ಕೂಲಿನಲ್ಲಿದ್ದಾಗ, ಕಿತಾಗಾವಾ ತನ್ನ ಮೇಲೆ ದೌರ್ಜನ್ಯ ನಡೆಸಿದ ಎಂದು ಒಬ್ಬಾತ ಅದರಲ್ಲಿ ಹೇಳಿದ್ದ. ಜಾಗ, ಎನ್‌ಎಚ್‌ಕೆ ಕಟ್ಟಡದ ಶೌಚಾಲಯ.