ಉಯಿಲಿಲ್ಲದ ಹೊಲ, ಹರಾಜಾದ ಹಕ್ಕು

ಅಮೆರಿಕದ ಸಂಸತ್ತು 2021ರಲ್ಲಿ ಕಪ್ಪು ವರ್ಣೀಯರೂ ಸೇರಿದಂತೆ ಅಲ್ಪಸಂಖ್ಯಾತ ರೈತರಿಗೆ ಸಾಲಮನ್ನಾ ಘೋಷಿಸಿತು. ಜನಾಂಗ ನೋಡಿ ಸವಲತ್ತು ಕೊಡುವುದು ಅನ್ಯಾಯವೆಂದು ಬಿಳಿಯ ರೈತರು ದಾವೆ ಹೂಡಿದರು, ನ್ಯಾಯಾಲಯಗಳು ತಡೆ ನೀಡಿದವು, ಮರುವರ್ಷ ಯೋಜನೆಯೇ ರದ್ದಾಯಿತು. ಇವರಿಗಷ್ಟೇ ಏಕೆ ಮನ್ನಾ ಎಂಬ ಪ್ರಶ್ನೆಗೆ ಉತ್ತರ ದಕ್ಷಿಣ ರಾಜ್ಯಗಳ ಹಳೆಯ ಕಡತಗಳಲ್ಲಿದೆ.

1865ರ ಜನವರಿಯಲ್ಲಿ, ಅಂತರ್ಯುದ್ಧ ಮುಗಿಯುವ ಹೊತ್ತಿಗೆ, ಉತ್ತರದ ಸೇನೆಯ ಜನರಲ್ ಶರ್ಮನ್, ಬಿಡುಗಡೆಯಾದ ಗುಲಾಮರ ಕುಟುಂಬಗಳಿಗೆ ಕರಾವಳಿಯಲ್ಲಿ 40 ಎಕರೆಯವರೆಗೆ ಭೂಮಿ ಕೊಡಲು ಆದೇಶಿಸಿದರು. ವರ್ಷ ತುಂಬುವ ಮೊದಲೇ ಅದನ್ನು ಹಳೆಯ ಒಡೆಯರಿಗೆ ಮರಳಿಸುವ ತೀರ್ಮಾನವಾಯಿತು. ಆದರೂ ಕೋರುಪಾಲಿಗೆ ದುಡಿದು, ಕಾಸಿಗೆ ಕಾಸು ಕೂಡಿಸಿ, 1910ರ ಹೊತ್ತಿಗೆ ಕಪ್ಪು ವರ್ಣೀಯರು ಸುಮಾರು ಒಂದೂವರೆ ಕೋಟಿ ಎಕರೆಯ ಒಡೆಯರಾಗಿದ್ದರು. 1920ರಲ್ಲಿ ಗೇಣಿದಾರರೂ ಸೇರಿ ಒಂಬತ್ತು ಲಕ್ಷ ದಾಟಿದ್ದ ಈ ರೈತರು 1997ರ ಗಣತಿಯಲ್ಲಿ 20 ಸಾವಿರವೂ ಇರಲಿಲ್ಲ.

ಹಿಂಸೆ, ಹತ್ತಿಗೆ ಬಿದ್ದ ಹುಳು, ಉತ್ತರದ ನಗರಗಳಿಗೆ ವಲಸೆ, ಎಲ್ಲವೂ ಕಾರಣವೇ. ನನ್ನನ್ನು ಹೆಚ್ಚು ಕಾಡುವುದು ಮಾತ್ರ ಕಾಗದಪತ್ರದ ಕಥೆ. ಕೋರ್ಟು ಕಚೇರಿಗಳನ್ನು ನಂಬದ ಹಿರಿಯರು ಉಯಿಲು ಬರೆಯದೆ ತೀರಿಕೊಂಡರು. ಹೊಲ ಮಕ್ಕಳು ಮೊಮ್ಮಕ್ಕಳ ಜಂಟಿ ಆಸ್ತಿಯಾಯಿತು. ಷಿಕಾಗೊದಲ್ಲಿರುವ, ಆ ಮಣ್ಣನ್ನೇ ಮೆಟ್ಟದ ದಾಯಾದಿಯೊಬ್ಬನ ಪಾಲನ್ನು ಹೊರಗಿನವರು ಕೊಂಡರೆ ಅವರೂ ಹಕ್ಕುದಾರರು. ಅವರು ವಿಭಾಗ ಕೋರಿ ದಾವೆ ಹಾಕುತ್ತಾರೆ. ಇಷ್ಟು ಮಂದಿಗೆ ಹಂಚಲಾಗದೆಂದು ಇಡೀ ಹೊಲ ಹರಾಜಿಗೆ ಬರುತ್ತದೆ, ತಲೆಮಾರುಗಳಿಂದ ಉತ್ತವರ ಕೈಯಲ್ಲಿ ಕೂಗಲು ಹಣವಿರುವುದಿಲ್ಲ. ಎಲ್ಲವೂ ಕಾನೂನಿನ ಪ್ರಕಾರವೇ! ದಕ್ಷಿಣ ಕೆರೊಲಿನಾದ ಹಿಲ್ಟನ್ ಹೆಡ್ ದ್ವೀಪಕ್ಕೆ 1956ರಲ್ಲಿ ಸೇತುವೆ ಬಂದ ಮೇಲೆ ಇಂಥ ಜಮೀನುಗಳಿದ್ದ ಕಡೆ ರೆಸಾರ್ಟುಗಳು, ಗಾಲ್ಫ್ ಮೈದಾನಗಳು ಎದ್ದವು. ಪಾಲುಪಟ್ಟಿಯಾಗದ ಜಮೀನಿನ ಸಂಕಟವನ್ನು ಮನೆಯಲ್ಲೇ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಹಕ್ಕುಪತ್ರ ಸ್ಪಷ್ಟವಿಲ್ಲದ ಹೊಲಕ್ಕೆ ಸರ್ಕಾರಿ ಸಾಲ ಸಿಗುವುದೂ ಕಷ್ಟ. ಪತ್ರ ಸರಿಯಿದ್ದವರಲ್ಲೂ ಅನೇಕ ಕಪ್ಪು ರೈತರಿಗೆ ಬಿಳಿಯರಿಗಿಂತ ತಡವಾಗಿ, ಬಿತ್ತನೆಯ ಹದ ಮೀರಿದ ಮೇಲೆ ಹಣ ಕೈಸೇರುತ್ತಿತ್ತು. ಈ ತಾರತಮ್ಯದ ವಿರುದ್ಧ ಪಿಗ್‌ಫೋರ್ಡ್ ಎಂಬ ಕಪ್ಪು ರೈತ ಮತ್ತಿತರರು ಕೃಷಿ ಇಲಾಖೆಯ ಮೇಲೆ 1997ರಲ್ಲಿ ಹೂಡಿದ ದಾವೆ 1999ರಲ್ಲಿ ರಾಜಿಯಾಗಿ, ಅರ್ಜಿ ಒಪ್ಪಿತವಾದ ಹೆಚ್ಚಿನವರಿಗೆ ತಲಾ 50 ಸಾವಿರ ಡಾಲರ್ ದೊರೆಯಿತು. ಅಷ್ಟರಲ್ಲಿ ಹಲವರ ಹೊಲ ಕೈತಪ್ಪಿತ್ತು.

ಇಂಥ ಜಂಟಿ ಆಸ್ತಿಯ ವಿಭಾಗಕ್ಕೆಂದು 2010ರಲ್ಲಿ ರೂಪುಗೊಂಡ ಮಾದರಿ ಕಾನೂನನ್ನು ಜಾರ್ಜಿಯಾ, ಅಲಬಾಮಾ ಮುಂತಾದ ರಾಜ್ಯಗಳು ಒಪ್ಪಿವೆ. ಅದರಂತೆ ಹರಾಜಿಗೆ ಮುನ್ನ ಬೆಲೆ ಕಟ್ಟಿಸಿ, ಮಾರಲು ಹೊರಟವರ ಪಾಲನ್ನು ಕೊಳ್ಳುವ ಮೊದಲ ಅವಕಾಶವನ್ನು ಉಳಿದ ಪಾಲುದಾರರಿಗೆ ಕೊಡಬೇಕು. ಗಡುವಿನೊಳಗೆ ಹಣ ಹೊಂದಿಸಬೇಕು. ಕೈಯಲ್ಲಿ ಹಣವಿಲ್ಲದವರು ಅದಕ್ಕಾಗಿ ಮತ್ತೆ ಸಾಲದ ಬಾಗಿಲನ್ನೇ ತಟ್ಟಬೇಕು.