111ರಲ್ಲಿ 110: ಅಮೆರಿಕನ್ ಫುಟ್‌ಬಾಲ್ ಮತ್ತು ಸಿಟಿಇ ಕುರಿತ ಅಧ್ಯಯನ ಟಿಪ್ಪಣಿ

ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ, ಅಂದರೆ ಸಿಟಿಇ, ವರ್ಷಗಟ್ಟಲೆ ತಲೆಗೆ ಬೀಳುವ ಪೆಟ್ಟುಗಳಿಗೆ ಸಂಬಂಧಿಸಿದ, ಮಿದುಳು ಕ್ರಮೇಣ ಕ್ಷೀಣಿಸುವ ಕಾಯಿಲೆ. ಬಾಕ್ಸರ್‌ಗಳಲ್ಲಿ ಕಾಣುವ ಇಂತಹ ಲಕ್ಷಣಗಳನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿಯೇ ವರ್ಣಿಸಿದ್ದರು. ಅಮೆರಿಕನ್ ಫುಟ್‌ಬಾಲ್‌ನೊಂದಿಗಿನ ಅದರ ನಂಟು ದೊಡ್ಡ ಚರ್ಚೆಯಾದದ್ದು, 2002ರಲ್ಲಿ ತೀರಿಕೊಂಡ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳಿನಲ್ಲಿ ಕಂಡದ್ದನ್ನು ರೋಗಶಾಸ್ತ್ರಜ್ಞ ಬೆನೆಟ್ ಒಮಾಲು ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಮೇಲೆ. ಈ ಟಿಪ್ಪಣಿಗೆ ಇತಿಹಾಸ ಇಷ್ಟು ಸಾಕು.

ಕನ್ಕಷನ್ ಮತ್ತು ಸಿಟಿಇ ಒಂದೇ ಅಲ್ಲ. ಕನ್ಕಷನ್ ಒಂದು ಪೆಟ್ಟಿನ ತಕ್ಷಣದ ಪರಿಣಾಮ, ಬಹುತೇಕರಲ್ಲಿ ದಿನಗಳಲ್ಲಿ ಅಥವಾ ವಾರಗಳಲ್ಲಿ ಶಮನವಾಗುವಂಥದ್ದು. ಸಿಟಿಇಯ ಲಕ್ಷಣಗಳು ಆಟ ಬಿಟ್ಟು ಎಷ್ಟೋ ವರ್ಷಗಳ ಬಳಿಕವೂ ತಲೆದೋರಬಹುದು. ಅದಕ್ಕೆ ಕಾರಣವಾಗುವವು ಕನ್ಕಷನ್‌ಗಳು ಮಾತ್ರವಲ್ಲ, ಯಾವ ಲಕ್ಷಣವನ್ನೂ ತೋರದೆ ಸಂಚಯವಾಗುತ್ತ ಹೋಗುವ ಸಣ್ಣ ಪೆಟ್ಟುಗಳೂ ಹೌದು. ಆಟಗಾರರು ಧರಿಸುವ ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಚೆನ್ನಾಗಿಯೇ ಕಾಯುತ್ತದೆ. ಆದರೆ ನೀರು ತುಂಬಿದ ಪಾತ್ರೆಯನ್ನು ತಟ್ಟನೆ ತಿರುಗಿಸಿದಾಗ ನೀರು ಹಿಂದುಳಿಯುವಂತೆ, ತಲೆ ರಭಸವಾಗಿ ತಿರುಗಿದಾಗ ಮೃದುವಾದ ಮಿದುಳು ಬುರುಡೆಯ ಚಲನೆಗಿಂತ ಹಿಂದೆ ಬಿದ್ದು ಹಿಗ್ಗುವುದನ್ನು ಅದು ತಡೆಯಲಾರದು. ಈ ಸೆಳೆತ ಹೆಚ್ಚಾಗಿ ಮಿದುಳಿನ ಮಡಿಕೆಗಳ ತಳದಲ್ಲಿ ಕೇಂದ್ರೀಕೃತವಾಗುತ್ತದೆ. ಸಿಟಿಇಯ ಗುರುತೂ ಅಲ್ಲಿಯೇ ಇದೆ: ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತಲಿನ ನರಕೋಶಗಳಲ್ಲಿ, ಅಸಹಜವಾಗಿ ಬದಲಾದ ಟೌ ಎಂಬ ಪ್ರೋಟೀನಿನ ಶೇಖರಣೆ. ಇದನ್ನು ಖಚಿತವಾಗಿ ನೋಡಲು ಸದ್ಯಕ್ಕೆ ಮರಣೋತ್ತರ ಪರೀಕ್ಷೆಯೊಂದೇ ದಾರಿ. ಈ ವಾಕ್ಯವನ್ನು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ತೊಡಕೆಲ್ಲ ಇದರಿಂದಲೇ ಹುಟ್ಟುತ್ತದೆ.

2017ರಲ್ಲಿ ಆನ್ ಮೆಕ್‌ಕೀ ಅವರ ಬಾಸ್ಟನ್ ವಿಶ್ವವಿದ್ಯಾಲಯದ ತಂಡವು, ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆಡಿದ್ದ 111 ಜನರ ಮಿದುಳುಗಳ ಪೈಕಿ 110ರಲ್ಲಿ ಸಿಟಿಇ ಕಂಡುಬಂದಿದೆ ಎಂದು ವರದಿ ಮಾಡಿತು. ಇದನ್ನು ಓದಿದ ವಿದ್ಯಾರ್ಥಿ ‘ಎನ್‌ಎಫ್‌ಎಲ್‌ನಲ್ಲಿ ಆಡಿದ ನೂರರಲ್ಲಿ ತೊಂಬತ್ತೊಂಬತ್ತು ಜನರಿಗೆ ಈ ಕಾಯಿಲೆ’ ಎಂದು ಬರೆದರೆ, ಭಾಗಾಕಾರ ಸರಿ, ತೀರ್ಮಾನ ತಪ್ಪು. ಆ 111 ಮಿದುಳುಗಳು ಎಲ್ಲ ಆಟಗಾರರ ನಡುವಿನಿಂದ ಚೀಟಿ ಎತ್ತಿ ಆರಿಸಿದವಲ್ಲ, ದಾನವಾಗಿ ಬಂದವು. ಬದುಕಿದ್ದಾಗ ಮರೆವು, ಸಿಟ್ಟು, ಖಿನ್ನತೆ ಕಂಡವರ ಕುಟುಂಬಗಳೇ ದಾನಕ್ಕೆ ಮುಂದಾಗುವ ಸಂಭವ ಹೆಚ್ಚು. ಲೆಕ್ಕಕ್ಕಾಗಿ ಹೀಗೆ ಊಹಿಸೋಣ: ಅದೇ ಅವಧಿಯಲ್ಲಿ ಒಟ್ಟು 1000 ಮಾಜಿ ಆಟಗಾರರು ತೀರಿಕೊಂಡಿದ್ದು, ದಾನ ಮಾಡದ 889 ಜನರಲ್ಲಿ ಒಬ್ಬರಿಗೂ ಸಿಟಿಇ ಇರಲಿಲ್ಲವೆಂದರೂ ಪ್ರಮಾಣ ಶೇ. 11 ಆಗುತ್ತದೆ. ಅವರೆಲ್ಲರಿಗೂ ಇತ್ತೆಂದರೆ ಶೇ. 99.9. ಇಷ್ಟು ಅಗಲವಾದ ಅಂತರದಲ್ಲಿ ನಿಜವಾದ ಪ್ರಮಾಣ ಎಲ್ಲಿದೆ ಎಂಬುದನ್ನು 110/111 ಎಂಬ ಭಿನ್ನರಾಶಿ ಹೇಳುವುದಿಲ್ಲ. ಕೆಳಗಿನ ಮಿತಿಯೂ ಅಲಕ್ಷಿಸುವಷ್ಟು ಸಣ್ಣದಲ್ಲ ಎಂಬುದನ್ನು ಮಾತ್ರ ಹೇಳುತ್ತದೆ.

ಹಾಗಾದರೆ ಅಧ್ಯಯನ ನಿರುಪಯೋಗಿಯೇ? ಅಲ್ಲ, ಮತ್ತು ಪತ್ರಿಕೆಗಳ ತಲೆಬರಹಗಳು ಬಿಟ್ಟ ಭಾಗವೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಅದೇ ವರದಿಯಲ್ಲಿ ಹೈಸ್ಕೂಲ್ ಮಟ್ಟದವರೆಗೆ ಮಾತ್ರ ಆಡಿದ 14 ಜನರಲ್ಲಿ 3 ಮಂದಿಗೆ, ಕಾಲೇಜು ಮಟ್ಟದವರೆಗೆ ಆಡಿದ 53 ಜನರಲ್ಲಿ 48 ಮಂದಿಗೆ ಸಿಟಿಇ ಇತ್ತು. ಇವೂ ದಾನವಾಗಿ ಬಂದ ಮಿದುಳುಗಳೇ. ಕೇವಲ ದಾನದ ಪಕ್ಷಪಾತವೇ ಎಲ್ಲವನ್ನೂ ವಿವರಿಸುವುದಾದರೆ ಹೈಸ್ಕೂಲ್ ಗುಂಪಿನಲ್ಲಿಯೂ ಪ್ರಮಾಣ ಮೇಲೆಯೇ ಇರಬೇಕಿತ್ತು. ಗುಂಪುಗಳು ಸಣ್ಣವು ಎಂಬ ಎಚ್ಚರದೊಂದಿಗೇ, ಹೆಚ್ಚು ಆಡಿದವರಲ್ಲಿ ಹೆಚ್ಚು ಎಂಬ ಈ ಏರಿಕೆಯನ್ನು ತರಗತಿಯಲ್ಲಿ ಮೊದಲು ತೋರಿಸಬೇಕು.

2019ರಲ್ಲಿ 266 ಆಟಗಾರರ ಮಿದುಳುಗಳನ್ನು ಇಟ್ಟುಕೊಂಡು ಇದೇ ಏರಿಕೆಯನ್ನು ಅಳೆಯಲಾಯಿತು: ಆಡಿದ ಪ್ರತಿ 2.6 ವರ್ಷಕ್ಕೆ ಸಿಟಿಇಯ ಆಡ್ಸ್ ದುಪ್ಪಟ್ಟಾಗುತ್ತದೆ. ಇಲ್ಲಿ ಇನ್ನೊಂದು ಗುಂಡಿ ಇದೆ. ಆಡ್ಸ್ ಎಂದರೆ ಸಂಭವನೀಯತೆಯಲ್ಲ. ಅದು ಕಾಯಿಲೆ ಇರುವವರ ಸಂಖ್ಯೆಯನ್ನು ಇಲ್ಲದವರ ಸಂಖ್ಯೆಯಿಂದ ಭಾಗಿಸಿದ್ದು, ಒಟ್ಟು ಸಂಖ್ಯೆಯಿಂದ ಭಾಗಿಸಿದ್ದಲ್ಲ. ನೂರರಲ್ಲಿ 10 ಜನರಿಗೆ ಇದ್ದರೆ ಆಡ್ಸ್ 10/90, ಅಂದರೆ 1/9. ಅದು ದುಪ್ಪಟ್ಟಾಗಿ 2/9 ಆದಾಗ ಹನ್ನೊಂದರಲ್ಲಿ ಇಬ್ಬರು, ಸುಮಾರು ಶೇ. 18, ಶೇ. 20 ಅಲ್ಲ. ಇಲ್ಲಿ ವ್ಯತ್ಯಾಸ ಚಿಕ್ಕದು, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಶೇ. 80ರಿಂದ ಆರಂಭಿಸಿ ನೋಡಿ: ಆಡ್ಸ್ 80/20, ಅಂದರೆ 4, ದುಪ್ಪಟ್ಟಾದರೆ 8, ಒಂಬತ್ತರಲ್ಲಿ ಎಂಟು ಜನ, ಸುಮಾರು ಶೇ. 89. ಸಂಭವನೀಯತೆಯನ್ನೇ ದುಪ್ಪಟ್ಟು ಮಾಡಿದವರಿಗೆ ಶೇ. 160 ಸಿಗುತ್ತದೆ, ಮತ್ತು ಆ ಅಸಾಧ್ಯ ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದೇ ಈ ಭೇದವನ್ನು ಕಲಿಸುವ ಅತ್ಯಂತ ಚಿಕ್ಕ ದಾರಿ.