ಆಳಸಾಗರದ ಕೆಸರಿನಲ್ಲಿ ಹರಿವಿನ ಗುರುತು

ಐದು ಕಿಲೋಮೀಟರ್ ಆಳದ ಸಮುದ್ರತಳದಲ್ಲಿ ಬೆಳಕಿಲ್ಲ, ಅಲೆಗಳಿಲ್ಲ. ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ, ಮೇಲಿನಿಂದ ಉದುರುವ ದೂಳು, ಸೂಕ್ಷ್ಮಜೀವಿಗಳ ಚಿಪ್ಪು ಬಿದ್ದಲ್ಲೇ ಪದರಗಟ್ಟುತ್ತವೆ ಎಂದು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ್ದು 1966ರಲ್ಲಿ ಸಾಗರ ವಿಜ್ಞಾನಿಗಳಾದ ಬ್ರೂಸ್ ಹೀಜನ್, ಚಾರ್ಲ್ಸ್ ಹಾಲಿಸ್ಟರ್ ಮತ್ತು ವಿಲಿಯಂ ರಡಿಮನ್ ಪ್ರಕಟಿಸಿದ ಪ್ರಬಂಧ. ಆಳಕ್ಕೆ ಇಳಿಬಿಟ್ಟ ಕ್ಯಾಮೆರಾಗಳು ತೆಗೆದ ಚಿತ್ರಗಳಲ್ಲಿ ಕೆಸರಿನ ಮೇಲೆ ಸುಕ್ಕುಗೆರೆಗಳು ಎದ್ದು ಕಾಣುತ್ತಿದ್ದವು. ಕಲ್ಲುಗಳ ಒಂದು ಮಗ್ಗುಲಲ್ಲಿ ಕೆಸರು ಕೊರೆದುಹೋಗಿ, ಹರಿವಿಗೆ ಮರೆಯಾದ ಮಗ್ಗುಲಲ್ಲಿ ಉದ್ದಕ್ಕೆ ಕೂತಿತ್ತು. ನಿಂತ ನೀರು ಇಂಥ ಕೆಲಸ ಮಾಡುವುದಿಲ್ಲ.

ಗ್ರೀನ್‌ಲ್ಯಾಂಡ್ ಆಸುಪಾಸಿನಲ್ಲಿ ಚಳಿಗೆ ತಣಿದ ಉಪ್ಪುನೀರು ಭಾರವಾಗಿ ತಳಕ್ಕಿಳಿದು ದಕ್ಷಿಣಕ್ಕೆ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಹರಿವು ಬಲಕ್ಕೆ ವಾಲುತ್ತದೆ. ಬಲಕ್ಕಿರುವುದು ಉತ್ತರ ಅಮೆರಿಕದ ಅಂಚಿನ ಇಳಿಜಾರು. ನೀರು ಅದಕ್ಕೆ ಒತ್ತಿಕೊಂಡು, ಹೆಚ್ಚು ಏರದೆ ಇಳಿಯದೆ, ಸಮಾನ ಆಳದ ರೇಖೆಯನ್ನೇ ಹಿಡಿದು ಸಾಗುತ್ತದೆ. ಹೀಗೆ ಸಾಗುತ್ತ ಅದು ಪೇರಿಸಿಟ್ಟ ಕೆಸರಿಗೆ ಕಾಂಟೂರೈಟ್ ಎಂದು ಹೆಸರು. ಇಂಥ ದಿಬ್ಬಗಳು ನೂರಾರು ಕಿಲೋಮೀಟರ್ ಉದ್ದ, ನೂರಾರು ಮೀಟರ್ ದಪ್ಪ ಬೆಳೆದಿವೆ.

ಈ ಹರಿವು ಸದಾ ಒಂದೇ ಸಮನೆ ಇರುವುದಿಲ್ಲ. ಕೆನಡಾದ ನೋವಾ ಸ್ಕೋಷಿಯಾ ಆಚೆ, ಸುಮಾರು 4,800 ಮೀಟರ್ ಆಳದಲ್ಲಿ 1980ರ ದಶಕದಲ್ಲಿ ನಡೆದ ತಳದ ಹರಿವನ್ನು ಅಳೆಯುವ ಹೆಬ್ಬಲ್ (HEBBLE) ಎಂಬ ಪ್ರಯೋಗದ ಉಪಕರಣಗಳು ತಳದ ‘ಬಿರುಗಾಳಿ’ಗಳನ್ನೇ, ಅಂದರೆ ನೀರಿನ ಹಠಾತ್ ರಭಸವನ್ನು, ದಾಖಲಿಸಿದವು. ವೇಗ ಸೆಕೆಂಡಿಗೆ 20 ಸೆಂಟಿಮೀಟರ್ ದಾಟುತ್ತಿತ್ತು. ನಮ್ಮ ನಿಧಾನ ನಡಿಗೆಯ ಐದನೇ ಒಂದು ಭಾಗದಷ್ಟು ವೇಗ, ಅಷ್ಟೇ. ಆದರೆ ಸಡಿಲ ಕೆಸರನ್ನು ಎಬ್ಬಿಸಲು ಅದು ಧಾರಾಳ ಸಾಕು. ದಿನಗಟ್ಟಲೆ ನೀರು ಬಗ್ಗಡವಾಗಿರುತ್ತಿತ್ತು. ಹರಿವು ತಗ್ಗಿದಾಗ ಎದ್ದ ಕೆಸರು ಮತ್ತೆ ಕೂರುತ್ತಿತ್ತು, ಹಲವು ಸಲ ಬೇರೆಯೇ ಜಾಗದಲ್ಲಿ.

ನನಗೆ ಅತ್ಯಂತ ಸೊಗಸಾಗಿ ಕಾಣುವುದು ಮುಂದಿನ ಹೆಜ್ಜೆ: ಕೆಸರಿನ ಕಣ ಅಳೆದು ಹಳೆಯ ಹರಿವಿನ ವೇಗ ಹೇಳುವುದು. ಒಕ್ಕಣೆಯ ಕಣದಲ್ಲಿ ರಾಗಿ ತೂರುವಾಗ ಗಾಳಿ ಹೊಟ್ಟನ್ನು ಹಾರಿಸಿ ಕಾಳನ್ನು ಉಳಿಸುವ ಹಾಗೆ, ರಭಸದ ನೀರು ಸಣ್ಣ ಕಣಗಳನ್ನು ಒಯ್ದು ದಪ್ಪ ಕಣಗಳನ್ನು ಬಿಟ್ಟುಹೋಗುತ್ತದೆ. 10 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಚಿಕ್ಕವು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಅವುಗಳ ಸಾಕ್ಷ್ಯ ನೆಚ್ಚಲಾಗದು. 10ರಿಂದ 63 ಮೈಕ್ರಾನ್ ನಡುವಿನವು ಬಿಡಿಬಿಡಿಯಾಗಿ ವರ್ತಿಸುತ್ತವೆ. ಅವುಗಳ ಸರಾಸರಿ ಗಾತ್ರ ಹೆಚ್ಚಿದ್ದರೆ ಆಗ ಹರಿವು ಜೋರಾಗಿತ್ತು ಎಂದರ್ಥ. ಕೇಂಬ್ರಿಜ್‌ನ ನಿಕ್ ಮೆಕೇವ್ ಮತ್ತು ಸಂಗಡಿಗರು 1995ರಲ್ಲಿ ಮುಂದಿಟ್ಟ ಈ ವಿಧಾನದಿಂದ ಹಿಮಯುಗಗಳಲ್ಲಿ ಅಟ್ಲಾಂಟಿಕ್ ಆಳದ ಹರಿವು ಹೇಗೆ ಏರಿಳಿಯಿತೆಂದು ಹುಡುಕುತ್ತಾರೆ. ದಿಬ್ಬಗಳಲ್ಲಿ ಕೆಸರು ಬೇಗ ಬೇಗ ಕೂರುವುದರಿಂದ ಕಾಲದ ವಿವರವೂ ಚೆನ್ನಾಗಿ ಸಿಗುತ್ತದೆ. ತೆರೆದ ಸಾಗರದ ಕೆಂಪು ಜೇಡಿ ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆದರೆ, ಇಲ್ಲಿ ಹತ್ತಾರು ಸೆಂಟಿಮೀಟರ್ ಬೆಳೆಯುವುದುಂಟು.

ನಮ್ಮ ಮಳೆಯ ಚರಿತ್ರೆಯೂ ಇಂಥ ದಿಬ್ಬಗಳಲ್ಲೇ ಸಿಕ್ಕಿದೆ. ಮಾಲ್ಡೀವ್ಸ್ ದ್ವೀಪಸಾಲುಗಳ ನಡುವಿನ ಕಡಲು ಅಷ್ಟೊಂದು ಆಳದ್ದಲ್ಲ, ಕೆಲವು ನೂರು ಮೀಟರ್ ಅಷ್ಟೆ. ಆದರೆ ಕೆಸರು ಪೇರುವ ಬಗೆ ಅದೇ. ಅಲ್ಲಿನ ಹರಿವಿಗೆ ಬಲ ಕೊಡುವುದು ಮುಂಗಾರು ಮಾರುತ. 2015ರಲ್ಲಿ ಸಂಶೋಧನಾ ಹಡಗೊಂದು ಅಲ್ಲಿ ಕೊರೆದು ತೆಗೆದ ಮಾದರಿಗಳ ಪ್ರಕಾರ, ಸುಮಾರು 1 ಕೋಟಿ 29 ಲಕ್ಷ ವರ್ಷಗಳ ಹಿಂದೆ ಅಂಥ ದಿಬ್ಬಗಳು ಥಟ್ಟನೆ ಬೆಳೆಯತೊಡಗಿದವು. ನಮ್ಮ ಕರಾವಳಿಗೆ, ಮಲೆನಾಡಿಗೆ ಮಳೆ ತರುವ ಗಾಳಿ ಇಂದಿನ ರಭಸಕ್ಕೆ ಬಂದದ್ದು ಆಗಲೇ ಎಂಬುದು ಆ ಸಂಶೋಧಕರ ತೀರ್ಮಾನ.